ಗೇಮ್ ಪ್ರೋಗ್ರಾಮಿಂಗ್ ಪದವಿ: ಸೇರುವ ಮೊದಲಿನಿಂದ ಮೊದಲ ಕೆಲಸದವರೆಗೆ

ಗೇಮ್ ಅಂದರೆ ಪ್ರಾಣ, ಅದಕ್ಕೇ ಗೇಮ್ ಪ್ರೋಗ್ರಾಮಿಂಗ್ ಓದುತ್ತೇನೆ ಅನ್ನುವವರು ಬಹಳ ಜನ. ಒಳ್ಳೆಯದೇ. ಇಷ್ಟವಿಲ್ಲದ ವಿಷಯವನ್ನು ಮೂರು ನಾಲ್ಕು ವರ್ಷ ಓದುವುದು ಯಾರಿಗೂ ಸುಲಭವಲ್ಲ. ಆದರೆ ಈ ಪದವಿಯಲ್ಲಿ ಹೆಚ್ಚಿನ ಹೊತ್ತು ಹೋಗುವುದು ಗಣಿತದಲ್ಲಿ, ಮೆಮೊರಿಯ ಲೆಕ್ಕದಲ್ಲಿ, ಯಾಕೆ ಓಡುತ್ತಿಲ್ಲ ಎಂದು ತಿಳಿಯದ ಕೋಡಿನ ಮುಂದೆ. ಇದು ಗೊತ್ತಿದ್ದು ಸೇರಿದವರಿಗೆ ಈ ಓದು ನಿಜಕ್ಕೂ ಖುಷಿ ಕೊಡುತ್ತದೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಯೂನಿಟಿ, ಅನ್‌ರಿಯಲ್, ಗೊಡೊ ತರಹದ ಎಂಜಿನ್‌ಗಳನ್ನು, ಅಂದರೆ ಆಟ ಕಟ್ಟಲು ಸಿಗುವ ಸಿದ್ಧ ಸಾಫ್ಟ್‌ವೇರುಗಳನ್ನು, ಬಳಸುವುದನ್ನು ಮನೆಯಲ್ಲೇ ಕೂತು ಕಲಿಯಬಹುದು. ಅದಕ್ಕೆ ಬೇಕಾದ ವಿಡಿಯೋಗಳು, ಕೈಪಿಡಿಗಳು ಧಾರಾಳವಾಗಿ ಸಿಗುತ್ತವೆ. ಒಬ್ಬರೇ ಕಲಿಯುವಾಗ ಎಲ್ಲರೂ ಹಾರಿಸಿಬಿಡುವುದು ಎಂಜಿನ್ ಒಳಗೆ ಏನು ನಡೆಯುತ್ತದೆ ಎಂಬ ಭಾಗವನ್ನು. ವಿಶ್ವವಿದ್ಯಾಲಯ ಕೊಡುವ ದೊಡ್ಡ ವರ ಅದೇ: ಆ ಭಾಗಕ್ಕೆ ಬೇಕಾದ ಸಮಯ, ಕೇಳಿದರೆ ಹೇಳಿಕೊಡುವ ಮೇಷ್ಟ್ರುಗಳು, ಜೊತೆಯಲ್ಲಿ ಒದ್ದಾಡುವ ಗೆಳೆಯರು. ಕೋರ್ಸ್ ಆರಿಸುವಾಗಲೂ ಓದುವಾಗಲೂ ಇದನ್ನು ನೆನಪಿಟ್ಟುಕೊಳ್ಳಿ.

ಹಂತ 1: ಅರ್ಜಿ ಹಾಕುವ ಮೊದಲು ಒಂದು ಆಟ ಮುಗಿಸಿ

ದೊಡ್ಡದೇನೂ ಬೇಡ. ಅಟಾರಿ ಕಂಪನಿ 1972ರಲ್ಲಿ ತಂದ ಪಾಂಗ್ ಸಾಕು. ಎರಡು ಬ್ಯಾಟು, ಒಂದು ಚೆಂಡು. ಎಂಜಿನ್ ಬಳಸಬೇಡಿ. ಪೈಥಾನ್ ಗೊತ್ತಿದ್ದರೆ ಪೈಗೇಮ್, ಸಿ ಗೊತ್ತಿದ್ದರೆ ರೇಲಿಬ್ ಅಥವಾ ಎಸ್‌ಡಿಎಲ್ ತೆಗೆದುಕೊಳ್ಳಿ. ಇವು ಪರದೆಯ ಮೇಲೆ ಚೌಕ ಬರೆದು, ಕೀಲಿ ಒತ್ತಿದ್ದನ್ನು ತಿಳಿಸುತ್ತವೆ, ಅಷ್ಟೆ. ಉಳಿದದ್ದೆಲ್ಲ ನಿಮ್ಮದೇ.

ಇಲ್ಲಿ ಬಹಳ ಜನರಿಗೆ ಎದುರಾಗುವ ಒಂದು ಬಗ್ (ಕೋಡಿನ ದೋಷ) ಇದೆ. ಚೆಂಡು ಬ್ಯಾಟಿಗೆ ತಾಗಿದ ಕೂಡಲೇ ಅದರ ದಿಕ್ಕು ತಿರುಗಿಸಬೇಕು ಅಂತ ಬರೆಯುತ್ತೀರಿ. ಓಡಿಸಿ ನೋಡಿದರೆ ಚೆಂಡು ಒಮ್ಮೊಮ್ಮೆ ಬ್ಯಾಟಿಗೇ ಅಂಟಿಕೊಂಡು ನಡುಗುತ್ತಿರುತ್ತದೆ. ಆಗಿರುವುದು ಇಷ್ಟು: ಚೆಂಡು ಬ್ಯಾಟಿನೊಳಗೆ ಸ್ವಲ್ಪ ನುಗ್ಗಿದೆ. ದಿಕ್ಕು ತಿರುಗಿತು, ಆದರೆ ಮುಂದಿನ ಫ್ರೇಮಿನ (ಪರದೆಯ ಮೇಲೆ ಒಂದರ ಹಿಂದೊಂದು ಬರುವ ಚಿತ್ರಗಳಲ್ಲಿ ಒಂದರ) ಹೊತ್ತಿಗೆ ಇನ್ನೂ ಪೂರ್ತಿ ಹೊರಬಂದಿಲ್ಲ. ಮತ್ತೆ ‘ತಾಗಿದೆ’ ಅಂತ ಲೆಕ್ಕವಾಗಿ ದಿಕ್ಕು ಮತ್ತೆ ತಿರುಗುತ್ತದೆ. ಹೀಗೇ ಒಳಗೆ ಹೊರಗೆ, ಒಳಗೆ ಹೊರಗೆ. ಚೆಂಡು ಬ್ಯಾಟಿನ ಕಡೆಗೆ ಬರುತ್ತಿದ್ದರೆ ಮಾತ್ರ ದಿಕ್ಕು ತಿರುಗಿಸು ಎಂದು ಒಂದು ಸಾಲು ಸೇರಿಸಿದರೆ ಸರಿಹೋಗುತ್ತದೆ.

ಈ ಕಾರಣವನ್ನು ನೀವೇ ಹುಡುಕಿ ತೆಗೆದಾಗ ಮನಸ್ಸಿಗೆ ಏನನ್ನಿಸಿತು ಎಂದು ಗಮನಿಸಿ. ಹಿತ ಅನ್ನಿಸಿದರೆ ಈ ಓದು ನಿಮಗೆ ಒಗ್ಗುತ್ತದೆ. ಬರೀ ತಲೆನೋವು ಅನ್ನಿಸಿ, ಚೆಂಡಿನ ಬಣ್ಣ, ಆಟದ ನಿಯಮಗಳ ಬಗ್ಗೆ ಯೋಚಿಸುವುದೇ ಜಾಸ್ತಿ ಇಷ್ಟವಾದರೆ ಗೇಮ್ ಡಿಸೈನ್ ಅಥವಾ ಗೇಮ್ ಆರ್ಟ್ ಕಡೆ ನೋಡಿ. ಅವೂ ಇಷ್ಟೇ ಗಂಭೀರ ಕೆಲಸಗಳು.

ಇನ್ನೊಂದು ಮಾತು. ‘ಮುಗಿಸಿ’ ಅಂದರೆ ಪೂರ್ತಿ ಮುಗಿಸಿ. ಶುರುವಿನ ಪರದೆ, ಅಂಕ, ಸೋಲು ಗೆಲುವು, ಒಂದೆರಡು ಸದ್ದು, ಮತ್ತೆ ಆಡುವ ಬಟನ್, ಎಲ್ಲವೂ ಇರಲಿ. ಬೇರೆಯವರ ಕಂಪ್ಯೂಟರಿನಲ್ಲೂ ಅದು ಓಡಬೇಕು. ಅರ್ಧಕ್ಕೆ ನಿಂತ ಹತ್ತು ದೊಡ್ಡ ಆಟಗಳಿಗಿಂತ ಮುಗಿದ ಒಂದು ಪಾಂಗ್ ಹೆಚ್ಚು ಕಲಿಸುತ್ತದೆ.

ಹಂತ 2: ಹೆಸರು ನೋಡಬೇಡಿ, ಸಿಲಬಸ್ ಓದಿ

ಗೇಮ್ ಪದವಿಗಳು ಬಂದು ತುಂಬಾ ಕಾಲವೇನೂ ಆಗಿಲ್ಲ. ಸ್ಕಾಟ್ಲೆಂಡಿನ ಡಂಡೀ ನಗರದ ಅಬರ್ಟೇ ವಿಶ್ವವಿದ್ಯಾಲಯ ಕಂಪ್ಯೂಟರ್ ಗೇಮ್ ಪದವಿ ಶುರು ಮಾಡಿದ್ದು 1997ರಲ್ಲಿ. ಅಮೆರಿಕದ ಡಿಜಿಪೆನ್ ಸಂಸ್ಥೆಯ ಗೇಮ್ ಪದವಿ ಕೂಡ ಹೆಚ್ಚುಕಡಿಮೆ ಅದೇ ಕಾಲದ್ದು. ಈಗ ಎಲ್ಲೆಡೆ ಇಂಥ ಕೋರ್ಸ್‌ಗಳಿವೆ, ಆದರೆ ಹೆಸರುಗಳು ಗೊಂದಲ ಹುಟ್ಟಿಸುತ್ತವೆ. ‘ಗೇಮ್ ಡೆವಲಪ್‌ಮೆಂಟ್’ ಎಂಬ ಒಂದೇ ಹೆಸರಿನಡಿ ಒಂದು ಕಡೆ ಗಟ್ಟಿ ಪ್ರೋಗ್ರಾಮಿಂಗ್ ಕಲಿಸಿದರೆ ಇನ್ನೊಂದು ಕಡೆ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಮುಟ್ಟಿಸಿ ಬಿಡುತ್ತಾರೆ.

ಹಾಗಾಗಿ ಪ್ರತಿ ಸೆಮಿಸ್ಟರಿನ ವಿಷಯಗಳ ಪಟ್ಟಿ ತೆಗೆದು ಕೂತು ಓದಿ. ನನ್ನ ಪ್ರಕಾರ ಮೊದಲ ಎರಡು ವರ್ಷದ ಪಟ್ಟಿ ಕಂಪ್ಯೂಟರ್ ಸೈನ್ಸ್ ಪದವಿಯ ಪಟ್ಟಿಯಂತೆಯೇ ಕಾಣಬೇಕು. ಡೇಟಾ ಸ್ಟ್ರಕ್ಚರ್, ಅಲ್ಗಾರಿದಮ್, ಕಂಪ್ಯೂಟರ್ ಆರ್ಕಿಟೆಕ್ಚರ್, ಲೀನಿಯರ್ ಆಲ್ಜೀಬ್ರಾ ಇರಬೇಕು. ಸಿ ಪ್ಲಸ್ ಪ್ಲಸ್ ಭಾಷೆ ಒಂದಲ್ಲ, ಹಲವು ಸೆಮಿಸ್ಟರ್ ಬರಬೇಕು. ಆಮೇಲಿನ ವರ್ಷಗಳಲ್ಲಿ ಗ್ರಾಫಿಕ್ಸ್, ನೆಟ್‌ವರ್ಕಿಂಗ್, ಗೇಮ್ ಎಐ, ಎಂಜಿನ್ ರಚನೆ ಸಿಕ್ಕರೆ ಚೆನ್ನ. ಪಟ್ಟಿಯ ತುಂಬ ಎಂಜಿನ್‌ಗಳ ಹೆಸರೇ ತುಂಬಿದ್ದರೆ ಎರಡು ಸಲ ಯೋಚಿಸಿ. ಎಂಜಿನ್‌ಗಳು ಬದಲಾಗುತ್ತವೆ, ಕೆಳಗಿರುವ ಗಣಿತ ಬದಲಾಗುವುದಿಲ್ಲ.

ಕಾಲೇಜು ನೋಡಲು ಹೋದಾಗ ಕಟ್ಟಡ ನೋಡಿ ಬರಬೇಡಿ, ಕಳೆದ ವರ್ಷದ ವಿದ್ಯಾರ್ಥಿಗಳು ಮಾಡಿದ ಆಟಗಳನ್ನು ಆಡಿಸಿ ಎಂದು ಕೇಳಿ. ಟೀಮ್ ಪ್ರಾಜೆಕ್ಟ್ ಎಷ್ಟು ಕಾಲ ನಡೆಯುತ್ತದೆ, ಅದರಲ್ಲಿ ಕಲಾವಿದರೂ ಇರುತ್ತಾರಾ ಅಥವಾ ಬರೀ ಪ್ರೋಗ್ರಾಮರುಗಳೇನಾ ಎಂದು ಕೇಳಿ. ಓದಿನ ನಡುವೆ ಕಂಪನಿಯಲ್ಲಿ ಕೆಲಸ ಮಾಡಲು ಅವಕಾಶ ಇದೆಯಾ ಎಂದೂ ವಿಚಾರಿಸಿ. ಯಾರೂ ಕೇಳದ ಆದರೆ ಕೇಳಲೇಬೇಕಾದ ಪ್ರಶ್ನೆ ಇನ್ನೊಂದಿದೆ: ವಿದ್ಯಾರ್ಥಿಗಳು ಮಾಡಿದ ಆಟದ ಹಕ್ಕು ಯಾರದ್ದು? ಕೆಲವು ಸಂಸ್ಥೆಗಳಲ್ಲಿ ಅದು ವಿದ್ಯಾರ್ಥಿಗಳದ್ದಾದರೆ ಕೆಲವು ಕಡೆ ಸಂಸ್ಥೆಯದ್ದು. ಮುಂದೆ ಆ ಆಟವನ್ನು ಮಾರುವ ಆಸೆ ಇದ್ದರೆ ಇದು ಸಣ್ಣ ವಿಷಯವಲ್ಲ.

ಹತ್ತಿರದಲ್ಲಿ ಒಳ್ಳೆಯ ಗೇಮ್ ಪದವಿ ಇಲ್ಲದಿದ್ದರೆ? ಕಂಪ್ಯೂಟರ್ ಸೈನ್ಸ್ ಸೇರಿ, ಆಟಗಳನ್ನು ಜೊತೆಜೊತೆಗೆ ಮಾಡಿ. ಸ್ಟಾರ್‌ಡ್ಯೂ ವ್ಯಾಲಿ ಎಂಬ ಆಟವನ್ನು ಒಬ್ಬರೇ ಕಟ್ಟಿ 2016ರಲ್ಲಿ ಬಿಡುಗಡೆ ಮಾಡಿದ ಎರಿಕ್ ಬರೋನ್ ಓದಿದ್ದು ಕಂಪ್ಯೂಟರ್ ಸೈನ್ಸೇ. ಸಾಧಾರಣ ಗೇಮ್ ಪದವಿಗಿಂತ ಒಳ್ಳೆಯ ಕಂಪ್ಯೂಟರ್ ಸೈನ್ಸ್ ಪದವಿ ಮೇಲು ಎಂದು ನಾನು ಯಾವ ಹಿಂಜರಿಕೆಯೂ ಇಲ್ಲದೆ ಹೇಳುತ್ತೇನೆ.

ಹಂತ 3: ಗಣಿತವನ್ನು ಆಟದ ಜೊತೆಗೇ ಕಲಿಯಿರಿ

ಹೆಚ್ಚಿನವರು ಎಡವುವುದು ಇಲ್ಲೇ. ಗಣಿತ ಕಷ್ಟ ಅನ್ನುವುದಕ್ಕಿಂತ, ಅದು ಯಾಕೆ ಬೇಕು ಎಂದು ಯಾರೂ ತೋರಿಸಿರುವುದಿಲ್ಲ. ಒಂದು ಉದಾಹರಣೆ ಪೂರ್ತಿ ಮಾಡಿ ನೋಡೋಣ. ಪೆನ್ನು ಕಾಗದ ತೆಗೆದುಕೊಳ್ಳಿ.

ಆಟದಲ್ಲಿ ಒಬ್ಬ ಕಾವಲುಗಾರ (2, 1) ಎಂಬ ಜಾಗದಲ್ಲಿ ನಿಂತಿದ್ದಾನೆ. ಅವನು ನೋಡುತ್ತಿರುವ ದಿಕ್ಕು (1, 0), ಅಂದರೆ ನೇರ ಬಲಕ್ಕೆ. ಆಟಗಾರ ಇರುವುದು (5, 5) ರಲ್ಲಿ. ಕಾವಲುಗಾರನಿಗೆ ಆಟಗಾರ ಕಾಣುತ್ತಾನಾ?

ಮೊದಲು ಕಾವಲುಗಾರನಿಂದ ಆಟಗಾರನ ಕಡೆಗಿನ ವೆಕ್ಟರ್, ಅಂದರೆ ಎತ್ತ ಮತ್ತು ಎಷ್ಟು ದೂರ ಎಂಬುದನ್ನು, ತೆಗೆಯಿರಿ. 5ರಲ್ಲಿ 2 ಕಳೆದರೆ 3, 5ರಲ್ಲಿ 1 ಕಳೆದರೆ 4. ಅಂದರೆ (3, 4). ಇದರ ಉದ್ದ 5, ಏಕೆಂದರೆ 9 ಮತ್ತು 16 ಕೂಡಿದರೆ 25, ಅದರ ವರ್ಗಮೂಲ 5. ಎರಡೂ ಸಂಖ್ಯೆಗಳನ್ನು ಈ ಉದ್ದದಿಂದ ಭಾಗಿಸಿದರೆ (0.6, 0.8). ಈಗ ಇದನ್ನು ನೋಟದ ದಿಕ್ಕಿನ ಜೊತೆ ಡಾಟ್ ಪ್ರಾಡಕ್ಟ್ ಮಾಡಿ: 0.6 ಗುಣಿಸು 1, ಕೂಡಿಸು 0.8 ಗುಣಿಸು 0. ಉತ್ತರ 0.6.

ಈ 0.6 ಎಂಬುದು ಎರಡು ದಿಕ್ಕುಗಳ ನಡುವಿನ ಕೋನದ ಕೊಸೈನ್. ಕಾವಲುಗಾರನ ನೋಟ ಒಟ್ಟು 120 ಡಿಗ್ರಿ ಅಗಲ ಎಂದುಕೊಳ್ಳಿ, ಅಂದರೆ ಆಚೆ ಈಚೆ 60 ಡಿಗ್ರಿ. 60 ಡಿಗ್ರಿಯ ಕೊಸೈನ್ 0.5. ನಮ್ಮ 0.6 ಅದಕ್ಕಿಂತ ದೊಡ್ಡದು, ಹಾಗಾಗಿ ಆಟಗಾರ ಸಿಕ್ಕಿಬಿದ್ದ. ನೋಟದ ಅಗಲವನ್ನು 90 ಡಿಗ್ರಿಗೆ ಇಳಿಸಿದರೆ ಗಡಿ 45 ಡಿಗ್ರಿ, ಅದರ ಕೊಸೈನ್ ಸುಮಾರು 0.707. ಈಗ 0.6 ಚಿಕ್ಕದಾಯಿತು, ಆಟಗಾರ ತಪ್ಪಿಸಿಕೊಂಡ. ಕೋನವನ್ನು ಕಂಡುಹಿಡಿಯುವ ಅಗತ್ಯವೇ ಬೀಳಲಿಲ್ಲ ನೋಡಿ. ದಿಕ್ಕು ಸಿಕ್ಕ ಮೇಲೆ ಎರಡು ಗುಣಾಕಾರ, ಒಂದು ಸಂಕಲನ, ಒಂದು ಹೋಲಿಕೆ. ನಡುವೆ ಗೋಡೆ ಇದೆಯಾ ಎಂಬುದು ಬೇರೆ ಪರೀಕ್ಷೆ, ಅದನ್ನು ಆಮೇಲೆ ಮಾಡಬೇಕು.

ಇದೇ ಡಾಟ್ ಪ್ರಾಡಕ್ಟ್ ಗೋಡೆಯ ಮೇಲೆ ಬೆಳಕು ಎಷ್ಟು ಬೀಳುತ್ತದೆ ಎಂದು ಹೇಳುತ್ತದೆ. ಚೆಂಡು ಇಳಿಜಾರಿಗೆ ಬಡಿದು ಯಾವ ಕಡೆ ಪುಟಿಯಬೇಕು ಎಂಬ ಲೆಕ್ಕದಲ್ಲೂ ಇದೇ ಬರುತ್ತದೆ. ಕೆಲಸದ ಸಂದರ್ಶನಗಳಲ್ಲೂ ಇದನ್ನು ಕೇಳುತ್ತಾರೆ. ಸುಮ್ನೆ ಸೂತ್ರ ಬಾಯಿಪಾಠ ಮಾಡಿದವರು ಅಲ್ಲಿ ತಡವರಿಸುತ್ತಾರೆ, ಒಮ್ಮೆ ಕಾವಲುಗಾರನನ್ನು ಕಟ್ಟಿದವರು ಸಲೀಸಾಗಿ ಚಿತ್ರ ಬರೆದು ತೋರಿಸುತ್ತಾರೆ.

ಆಮೇಲೆ ಕ್ರಾಸ್ ಪ್ರಾಡಕ್ಟ್, ಮ್ಯಾಟ್ರಿಕ್ಸ್, ಕೊನೆಗೆ ಕ್ವಾಟರ್ನಿಯನ್ ಬರುತ್ತವೆ. ಕ್ವಾಟರ್ನಿಯನ್ ಕೇಳಿ ಹೆದರಬೇಡಿ. ಅದು ನಾಲ್ಕು ಸಂಖ್ಯೆಗಳ ಒಂದು ಗುಂಪು, ಗಣಿತಜ್ಞ ವಿಲಿಯಂ ಹ್ಯಾಮಿಲ್ಟನ್ ಅದನ್ನು ಕಂಡುಕೊಂಡದ್ದು 1843ರಲ್ಲಿ. ಇವತ್ತು ಮೂರು ಆಯಾಮದಲ್ಲಿ ವಸ್ತುಗಳನ್ನು ತಿರುಗಿಸಲು ಎಂಜಿನ್‌ಗಳು ಅದನ್ನೇ ಬಳಸುತ್ತವೆ. ಮೂರು ಕೋನಗಳಿಂದ ತಿರುಗಿಸಲು ಹೋದರೆ ಕೆಲವು ಭಂಗಿಗಳಲ್ಲಿ ಎರಡು ಅಕ್ಷಗಳು ಒಂದೇ ಆಗಿ, ಒಂದು ದಿಕ್ಕಿನ ಚಲನೆ ಕಳೆದುಹೋಗುತ್ತದೆ. ಅದಕ್ಕೆ ಗಿಂಬಲ್ ಲಾಕ್ ಎನ್ನುತ್ತಾರೆ. ಆ ತೊಂದರೆಯನ್ನು ನಿಮ್ಮ ಕ್ಯಾಮೆರಾದಲ್ಲಿ ಒಮ್ಮೆ ಅನುಭವಿಸಿ. ಕ್ವಾಟರ್ನಿಯನ್ ಯಾಕೆ ಬೇಕು ಎಂದು ಮತ್ತೆ ಯಾರೂ ವಿವರಿಸಬೇಕಿಲ್ಲ.

ಹಂತ 4: ಸಿ ಪ್ಲಸ್ ಪ್ಲಸ್ ಜೊತೆ ಸ್ನೇಹ ಬೆಳೆಸಿ

ಯೂನಿಟಿಗೆ ಸಿ ಶಾರ್ಪ್, ಗೊಡೊಗೆ ಜಿಡಿಸ್ಕ್ರಿಪ್ಟ್ ಸಾಕು. ಆದರೂ ಪದವಿಗಳು ಸಿ ಪ್ಲಸ್ ಪ್ಲಸ್ ಬಿಡುವುದಿಲ್ಲ, ಬಿಡಲೂಬಾರದು. ಅನ್‌ರಿಯಲ್ ಬರೆದಿರುವುದು ಅದರಲ್ಲೇ, ದೊಡ್ಡ ಕಂಪನಿಗಳ ಸ್ವಂತ ಎಂಜಿನ್‌ಗಳೂ ಬಹುತೇಕ ಅದರಲ್ಲೇ. ಮುಖ್ಯವಾಗಿ, ಅದು ಮೆಮೊರಿಯನ್ನು ನಿಮ್ಮ ಕೈಗೇ ಕೊಡುತ್ತದೆ. ಯಾವಾಗ ಜಾಗ ತೆಗೆದುಕೊಂಡಿರಿ, ಯಾವಾಗ ವಾಪಸ್ ಕೊಟ್ಟಿರಿ ಎಂಬ ಲೆಕ್ಕ ನಿಮ್ಮದು.

ಪಾಯಿಂಟರ್, ಅಂದರೆ ಮೆಮೊರಿಯ ಒಂದು ಜಾಗದ ವಿಳಾಸ, ಅರ್ಥವಾಗಲು ಸಮಯ ಬೇಕು. ಎರಡು ವಾರ ಗೊಂದಲದಲ್ಲಿದ್ದರೆ ಅದು ಸಹಜ. ಓದಿ ಅರ್ಥವಾಗದಿದ್ದರೆ ಲಿಂಕ್ಡ್ ಲಿಸ್ಟ್, ಹ್ಯಾಶ್ ಟೇಬಲ್, ಸ್ವಂತ ಡೈನಾಮಿಕ್ ಅರೇ, ಡೇಟಾ ಜೋಡಿಸಿಡುವ ಈ ಮೂರನ್ನು ಲೈಬ್ರರಿ (ಸಿದ್ಧ ಕೋಡ್) ಬಳಸದೆ ನೀವೇ ಬರೆಯಿರಿ. ಪ್ರತಿ ಸಾಲಿನಲ್ಲಿ ಮೆಮೊರಿ ಹೇಗಿದೆ ಎಂದು ಕಾಗದದ ಮೇಲೆ ಡಬ್ಬಿಗಳನ್ನು ಬರೆದುಕೊಳ್ಳಿ.

ಆಮೇಲೆ ಈ ಪ್ರಯೋಗ ಮಾಡಿ. 4096 ಸಾಲು, 4096 ಕಾಲಂ ಇರುವ ಪೂರ್ಣಾಂಕಗಳ ಅರೇ ಮಾಡಿ. ಒಂದೊಂದು ಸಂಖ್ಯೆಗೆ 4 ಬೈಟ್ ಅಂದರೆ ಒಟ್ಟು 64 ಮೆಗಾಬೈಟ್. ಅದರ ಎಲ್ಲ ಸಂಖ್ಯೆಗಳನ್ನು ಎರಡು ರೀತಿಯಲ್ಲಿ ಕೂಡಿ: ಒಮ್ಮೆ ಸಾಲುಸಾಲಾಗಿ, ಇನ್ನೊಮ್ಮೆ ಕಾಲಂ ಕಾಲಂ ಆಗಿ. ಉತ್ತರ ಒಂದೇ, ಕೂಡಿಸುವ ಸಂಖ್ಯೆಗಳೂ ಅಷ್ಟೇ. ಆದರೆ ತೆಗೆದುಕೊಳ್ಳುವ ಸಮಯ ನೋಡಿ. ಕಾಲಂ ರೀತಿ ಎಷ್ಟೋ ಪಾಲು ನಿಧಾನ.

ಕಾರಣ ಕ್ಯಾಶ್, ಅಂದರೆ ಪ್ರೊಸೆಸರಿನ ಪಕ್ಕದಲ್ಲೇ ಇರುವ ಚಿಕ್ಕ, ವೇಗದ ಮೆಮೊರಿ. ಸಾಮಾನ್ಯ ಪ್ರೊಸೆಸರ್ ಮೆಮೊರಿಯಿಂದ ಒಂದೇ ಸಂಖ್ಯೆ ತರುವುದಿಲ್ಲ, ಅಕ್ಕಪಕ್ಕದ 64 ಬೈಟ್ ಒಟ್ಟಿಗೆ ತರುತ್ತದೆ. ಅಂದರೆ 16 ಸಂಖ್ಯೆಗಳು. ಸಾಲಾಗಿ ಹೋದರೆ ಆ 16 ಕೂಡ ಉಪಯೋಗಕ್ಕೆ ಬರುತ್ತವೆ. ಕಾಲಂ ಆಗಿ ಹೋದರೆ ಒಂದನ್ನು ಬಳಸಿ ದೂರದ ಇನ್ನೊಂದು ಜಾಗಕ್ಕೆ ಜಿಗಿಯುತ್ತೀರಿ, ಉಳಿದ 15 ತಂದದ್ದು ದಂಡ. ಸಾವಿರಾರು ಶತ್ರುಗಳಿರುವ ಆಟ ಯಾಕೆ ಕುಂಟುತ್ತದೆ, ಶತ್ರುಗಳ ಸ್ಥಾನಗಳನ್ನೆಲ್ಲ ಒಂದೇ ಕಡೆ ಒತ್ತಾಗಿ ಇಟ್ಟರೆ ಯಾಕೆ ಸಲೀಸಾಗಿ ಓಡುತ್ತದೆ ಎಂಬುದಕ್ಕೆ ಬೇಕಾದ ಅರ್ಧ ಉತ್ತರ ಈ ಒಂದು ಪ್ರಯೋಗದಲ್ಲಿದೆ.

ಹಂತ 5: ಫ್ರೇಮಿನ ಲೆಕ್ಕ ಮೈಗೂಡಲಿ

ಬೇರೆ ಸಾಫ್ಟ್‌ವೇರಿಗೂ ಗೇಮಿಗೂ ಇರುವ ದೊಡ್ಡ ವ್ಯತ್ಯಾಸ ಇದು. ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಒಂದು ಫ್ರೇಮಿಗೆ ಸಿಗುವುದು 16.67 ಮಿಲಿಸೆಕೆಂಡ್. 120 ಬೇಕೆಂದರೆ 8.33. ಕೀಲಿ ಓದುವುದು, ಶತ್ರುಗಳ ಯೋಚನೆ, ಭೌತಶಾಸ್ತ್ರ, ಅನಿಮೇಷನ್, ಸದ್ದು, ಚಿತ್ರ ಬರೆಯುವುದು, ಎಲ್ಲವೂ ಅಷ್ಟರೊಳಗೆ ಮುಗಿಯಬೇಕು. ಸರಾಸರಿ ಚೆನ್ನಾಗಿದ್ದರೆ ಸಾಲದು. ನಡುವೆ ಒಂದು ಫ್ರೇಮ್ 50 ಮಿಲಿಸೆಕೆಂಡ್ ತೆಗೆದುಕೊಂಡರೆ ಆಟಗಾರನ ಕೈಗೆ ತಕ್ಷಣ ಗೊತ್ತಾಗುತ್ತದೆ.

ಹೊಸಬರು ಫ್ರೇಮಿಗೆ 5 ಪಿಕ್ಸೆಲ್ ಮುಂದೆ ಹೋಗು ಎಂದು ಬರೆಯುತ್ತಾರೆ. 60 ಫ್ರೇಮ್ ಓಡುವ ಯಂತ್ರದಲ್ಲಿ ಅದು ಸೆಕೆಂಡಿಗೆ 300 ಪಿಕ್ಸೆಲ್. 144 ಫ್ರೇಮ್ ಓಡುವ ಯಂತ್ರದಲ್ಲಿ 720. ಅದೇ ಆಟ, ವೇಗ ಮಾತ್ರ ಎರಡು ಪಟ್ಟಿಗಿಂತ ಜಾಸ್ತಿ. ಅದಕ್ಕೇ ಹಿಂದಿನ ಫ್ರೇಮಿನಿಂದ ಎಷ್ಟು ಸಮಯ ಕಳೆಯಿತು ಎಂದು ಅಳೆದು, ವೇಗವನ್ನು ಅದರಿಂದ ಗುಣಿಸುತ್ತಾರೆ. ಇದೇ ಡೆಲ್ಟಾ ಟೈಮ್.

ಅಲ್ಲಿಗೆ ಮುಗಿಯಲಿಲ್ಲ. ಭೌತಶಾಸ್ತ್ರದ ಲೆಕ್ಕಕ್ಕೆ ಒಮ್ಮೆ ದೊಡ್ಡ, ಒಮ್ಮೆ ಸಣ್ಣ ಸಮಯ ಕೊಟ್ಟರೆ ಫಲಿತಾಂಶ ನಂಬುವಂತಿರುವುದಿಲ್ಲ. ಸ್ಪ್ರಿಂಗ್‌ಗಳು ಹುಚ್ಚೆದ್ದು ಹಾರಿಹೋಗುತ್ತವೆ. ಹಾಗಾಗಿ ಅದನ್ನು ಸಮಾನ ಹೆಜ್ಜೆಗಳಲ್ಲಿ ಓಡಿಸುತ್ತಾರೆ. ಯೂನಿಟಿಯಲ್ಲಿ ಆ ಹೆಜ್ಜೆ ಮೊದಲಿಗೆ 0.02 ಸೆಕೆಂಡ್ ಇರುತ್ತದೆ, ಬೇಕಾದರೆ ಬದಲಿಸಿಕೊಳ್ಳಬಹುದು.

ಸಮಾನ ಹೆಜ್ಜೆ ಇಟ್ಟರೂ ಇನ್ನೊಂದು ಬಲೆ ಇದೆ. ಸೆಕೆಂಡಿಗೆ 300 ಮೀಟರ್ ಹೋಗುವ ಗುಂಡು, 60 ಹೆಜ್ಜೆ ಎಂದುಕೊಳ್ಳಿ. ಒಂದು ಹೆಜ್ಜೆಗೆ 5 ಮೀಟರ್. ಎದುರಿಗೆ 20 ಸೆಂಟಿಮೀಟರ್ ದಪ್ಪದ ಗೋಡೆ. ಒಂದು ಹೆಜ್ಜೆಯಲ್ಲಿ ಗುಂಡು ಗೋಡೆಯ ಈಚೆ, ಮುಂದಿನ ಹೆಜ್ಜೆಯಲ್ಲಿ ಆಚೆ. ಗೋಡೆಯ ಒಳಗೆ ಅದು ಯಾವತ್ತೂ ಇರಲೇ ಇಲ್ಲ, ಹಾಗಾಗಿ ತಾಗಲೂ ಇಲ್ಲ. ಇದಕ್ಕೆ ಟನಲಿಂಗ್ ಎನ್ನುತ್ತಾರೆ. ಹಳೆಯ ಜಾಗದಿಂದ ಹೊಸ ಜಾಗಕ್ಕೆ ಒಂದು ಗೆರೆ ಎಳೆದು, ಆ ಗೆರೆ ಯಾವುದಕ್ಕಾದರೂ ತಾಗಿತಾ ಎಂದು ನೋಡುವುದು ಇದಕ್ಕೆ ಸರಳ ಮದ್ದು.

ಎರಡನೇ ವರ್ಷ ಮುಗಿಯುವುದರೊಳಗೆ ಇಂಥದ್ದೆಲ್ಲ ನಿಮ್ಮ ಸ್ವಂತ ಪುಟ್ಟ ಪ್ರೋಗ್ರಾಮಿನಲ್ಲಿ ಒಮ್ಮೆ ಕೆಡಿಸಿ, ಒಮ್ಮೆ ಸರಿಮಾಡಿ ನೋಡಿರಬೇಕು.

ಹಂತ 6: ಈಗ ಎಂಜಿನ್ ಹಿಡಿಯಿರಿ

ಯಾವುದು ಒಳ್ಳೆಯದು ಎಂಬ ಜಗಳಕ್ಕೆ ಇಳಿಯಬೇಡಿ. ಯೂನಿಟಿ 2005ರಿಂದ ಇದೆ, ಮೊಬೈಲ್ ಮತ್ತು ಸಣ್ಣ ತಂಡಗಳ ಆಟಗಳಲ್ಲಿ ಬಹಳ ಬಳಕೆ. ಅನ್‌ರಿಯಲ್ ಅದೇ ಹೆಸರಿನ 1998ರ ಆಟದಿಂದ ಬೆಳೆದು ಬಂದದ್ದು, ದೊಡ್ಡ ಮೂರು ಆಯಾಮದ ಆಟಗಳಿಗೆ ಹೆಸರುವಾಸಿ. ಗೊಡೊ 2014ರಿಂದ ಮುಕ್ತ ಸಾಫ್ಟ್‌ವೇರ್. ಅದರ ಕೋಡನ್ನು ಯಾರು ಬೇಕಾದರೂ ತೆರೆದು ಓದಬಹುದು, ವಿದ್ಯಾರ್ಥಿಗಳಿಗೆ ಇದು ದೊಡ್ಡ ಲಾಭ. ಕೋರ್ಸಿನಲ್ಲಿ ಕಲಿಸುವುದನ್ನು ಆಳವಾಗಿ ಕಲಿಯಿರಿ, ಇನ್ನೊಂದನ್ನು ರಜೆಯಲ್ಲಿ ಮುಟ್ಟಿ ನೋಡಿ.

ಬೇರೆಯವರ ಕೋಡ್ ಓದುವ ಅಭ್ಯಾಸವನ್ನೂ ಇದೇ ಹೊತ್ತಿಗೆ ಶುರು ಮಾಡಿ. ಡೂಮ್ ಆಟದ ಕೋಡ್ 1997ರಲ್ಲಿ, ಕ್ವೇಕ್ 3 ಆಟದ ಕೋಡ್ 2005ರಲ್ಲಿ ಸಾರ್ವಜನಿಕವಾಯಿತು. ಕ್ವೇಕ್ 3ರಲ್ಲಿ ವರ್ಗಮೂಲದ ವಿಲೋಮವನ್ನು ಮಿಂಚಿನಂತೆ ಲೆಕ್ಕ ಹಾಕುವ ಒಂದು ಚಿಕ್ಕ ಫಂಕ್ಷನ್ ಇದೆ. ಈಗಿನ ಪ್ರೊಸೆಸರುಗಳಿಗೆ ಅದರ ಅಗತ್ಯವಿಲ್ಲ. ಆದರೂ ಒಂದು ಸಂಜೆ ಕೂತು ಅದನ್ನು ಬಿಡಿಸಿದರೆ ದಶಮಾಂಶ ಸಂಖ್ಯೆಗಳು ಕಂಪ್ಯೂಟರಿನ ಒಳಗೆ ಹೇಗೆ ಕೂತಿರುತ್ತವೆ ಎಂದು ಸ್ಪಷ್ಟವಾಗುತ್ತದೆ. ಅದು ಗೊತ್ತಿದ್ದರೆ, ವಿಶಾಲವಾದ ಆಟದ ಲೋಕದಲ್ಲಿ ನಡುವಿನಿಂದ 100 ಕಿಲೋಮೀಟರ್ ದೂರ ಹೋದಾಗ ಪಾತ್ರಗಳು ಯಾಕೆ ನಡುಗುತ್ತವೆ ಎಂದೂ ಗೊತ್ತಾಗುತ್ತದೆ. ಮೀಟರಿನಲ್ಲಿ ಅಳೆಯುವ 32 ಬಿಟ್ ಸಂಖ್ಯೆಗೆ ಅಷ್ಟು ದೂರದಲ್ಲಿ ಸುಮಾರು 8 ಮಿಲಿಮೀಟರಿಗಿಂತ ಸಣ್ಣ ಹೆಜ್ಜೆ ಇಡಲು ಆಗುವುದಿಲ್ಲ.

ಹಂತ 7: ಸಲಕರಣೆಗಳು

ಕೋಡಿನ ಪ್ರತಿ ಬದಲಾವಣೆಯ ದಾಖಲೆ ಇಡುವ ಗಿಟ್ ಅನ್ನು ಮೊದಲ ವಾರದಿಂದಲೇ ಬಳಸಿ. ಒಬ್ಬರೇ ಇದ್ದರೂ ಬಳಸಿ. ಗಿಟ್ ಕೋಡನ್ನು ಆನ್‌ಲೈನ್ ಇಡುವ ತಾಣ ಗಿಟ್‌ಹಬ್ 100 ಮೆಗಾಬೈಟ್ ಮೀರಿದ ಫೈಲನ್ನು ಒಪ್ಪುವುದಿಲ್ಲ, ಹಾಗಾಗಿ ದೊಡ್ಡ ಚಿತ್ರ, ಮಾಡೆಲ್, ಸದ್ದಿನ ಫೈಲುಗಳಿಗೆ ಗಿಟ್ ಎಲ್‌ಎಫ್‌ಎಸ್ ಎಂಬ ಜೋಡಣೆ ಬೇಕು. ದೊಡ್ಡ ಸ್ಟುಡಿಯೋಗಳಲ್ಲಿ ಇದೇ ಕೆಲಸಕ್ಕೆ ಪರ್ಫೋರ್ಸ್ ಸಿಗುತ್ತದೆ, ಅದರ ಪರಿಚಯವೂ ಇರಲಿ.

ಪರದೆಯ ಮೇಲೆ ಸಂಖ್ಯೆ ಮುದ್ರಿಸಿ ಬಗ್ ಹುಡುಕುವುದನ್ನು ಆದಷ್ಟು ಬೇಗ ಬಿಟ್ಟು ಡಿಬಗ್ಗರ್ ಕಲಿಯಿರಿ. ಬ್ರೇಕ್‌ಪಾಯಿಂಟ್ ಇಟ್ಟು ಕೋಡನ್ನು ಬೇಕಾದಲ್ಲಿ ನಿಲ್ಲಿಸಿ ಒಂದೊಂದೇ ಸಾಲು ನಡೆಯುವುದು ಬಂದರೆ ದಿನದ ಎಷ್ಟೋ ಹೊತ್ತು ಉಳಿಯುತ್ತದೆ. ಆಟ ನಿಧಾನವಾದರೆ ಊಹೆ ಮಾಡಿ ಕೋಡ್ ತಿದ್ದಬೇಡಿ, ಪ್ರೊಫೈಲರ್ ಹಾಕಿ ಸಮಯ ಎಲ್ಲಿ ಹೋಗುತ್ತಿದೆ ಎಂದು ನೋಡಿ. ಗ್ರಾಫಿಕ್ಸ್ ತೊಂದರೆಗೆ ರೆಂಡರ್‌ಡಾಕ್ ಇದೆ, ಒಂದು ಫ್ರೇಮನ್ನು ಹಿಡಿದು ಅದನ್ನು ಹೇಗೆ ಬರೆಯಲಾಯಿತು ಎಂದು ಹೆಜ್ಜೆಹೆಜ್ಜೆಗೂ ತೋರಿಸುತ್ತದೆ.

ಕೋಡ್ ಬರೆದುಕೊಡುವ ಎಐ ಸಹಾಯಕರ ಬಗ್ಗೆಯೂ ಹೇಳಬೇಕು, ಅಲ್ವಾ? ಅರ್ಥವಾಗದ ದೋಷದ ಸಂದೇಶವನ್ನು ವಿವರಿಸಿಕೊಳ್ಳಲು ಬಳಸಿ. ಆದರೆ ನಿಮ್ಮ ಬಾಯಲ್ಲಿ ವಿವರಿಸಲಾಗದ ಒಂದು ಸಾಲನ್ನೂ ಅಸೈನ್‌ಮೆಂಟಿಗೆ ಸೇರಿಸಬೇಡಿ. ಕಾಲೇಜಿನ ನಿಯಮ ಇರಲಿ ಬಿಡಲಿ, ಕಲಿಯಬೇಕಾದ ವರ್ಷದಲ್ಲಿ ಒದ್ದಾಟವನ್ನು ಬೇರೆಯವರಿಗೆ ಒಪ್ಪಿಸಿದರೆ ನಷ್ಟ ನಿಮಗೇ.

ಹಂತ 8: ತಂಡದಲ್ಲಿ ಆಟ ಮಾಡಿ

ಪದವಿಯ ಅತಿ ಮುಖ್ಯ ಭಾಗ ಇದು. 2005ರಲ್ಲಿ ಡಿಜಿಪೆನ್ ವಿದ್ಯಾರ್ಥಿಗಳ ಒಂದು ತಂಡ ನಾರ್ಬಾಕ್ಯುಲರ್ ಡ್ರಾಪ್ ಎಂಬ ಚಿಕ್ಕ ಆಟ ಮಾಡಿತು. ಗೋಡೆಯಲ್ಲಿ ಎರಡು ಬಾಗಿಲು ತೆರೆದು ಒಂದರಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಬರುವುದು ಅದರ ಮೂಲ ಐಡಿಯಾ. ವಾಲ್ವ್ ಎಂಬ ಗೇಮ್ ಕಂಪನಿ ಅದನ್ನು ನೋಡಿ ತಂಡವನ್ನೇ ಕೆಲಸಕ್ಕೆ ತೆಗೆದುಕೊಂಡಿತು. 2007ರಲ್ಲಿ ಬಂದ ಪೋರ್ಟಲ್ ಎಂಬ ಆಟ ಹುಟ್ಟಿದ್ದು ಹಾಗೆ. ಎಲ್ಲರಿಗೂ ಹೀಗಾಗುತ್ತದೆ ಎಂದು ಹೇಳುತ್ತಿಲ್ಲ. ಆ ಆಟದಲ್ಲಿದ್ದದ್ದು ಒಂದೇ ಐಡಿಯಾ, ಆದರೆ ಅದನ್ನು ಪೂರ್ತಿ ಮುಗಿಸಿದ್ದರು ಎಂಬುದನ್ನು ಗಮನಿಸಿ.

ವಿದ್ಯಾರ್ಥಿ ತಂಡಗಳು ಸೋಲುವುದು ಸಾಮಾನ್ಯವಾಗಿ ಕೋಡಿನಿಂದಲ್ಲ. ಮೊದಲ ದಿನ ಎಲ್ಲರೂ ಸೇರಿ ದೊಡ್ಡ ಲೋಕ, ನೂರು ಆಯುಧ, ಆನ್‌ಲೈನ್ ಆಟ ಅಂತ ಬರೆದಿಡುತ್ತಾರೆ. ಕೊನೆಗೆ ಒಂದೂ ಆಡುವ ಸ್ಥಿತಿಯಲ್ಲಿರುವುದಿಲ್ಲ. ಆನ್‌ಲೈನ್ ಒಂದನ್ನೇ ನೋಡಿ. ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. 10,000 ಕಿಲೋಮೀಟರ್ ದೂರದ ಸರ್ವರಿಗೆ ಹೋಗಿ ಬರಲು ಏನಿಲ್ಲವೆಂದರೂ 100 ಮಿಲಿಸೆಕೆಂಡ್, ಅಂದರೆ ಸೆಕೆಂಡಿಗೆ 60ರ ಲೆಕ್ಕದಲ್ಲಿ 6 ಫ್ರೇಮ್. ಈ ವಿಳಂಬವನ್ನು ಆಟಗಾರನಿಂದ ಮರೆಮಾಡುವುದೇ ಒಂದು ವಿಶೇಷ ವಿದ್ಯೆ. ‘ಆಮೇಲೆ ಸೇರಿಸೋಣ’ ಎನ್ನುವ ವಿಷಯ ಅದಲ್ಲವೇ ಅಲ್ಲ.

ಹಾಗಾದರೆ ಏನು ಮಾಡಬೇಕು? ಮೊದಲ ಎರಡು ವಾರದಲ್ಲಿ ಬಣ್ಣವಿಲ್ಲದ ಡಬ್ಬಿಗಳನ್ನೇ ಇಟ್ಟು ಆಡಲು ಬರುವ ಒಂದು ಮಾದರಿ ತಯಾರಿಸಿ. ಬೇರೆ ತಂಡದವರಿಗೆ ಆಡಲು ಕೊಟ್ಟು ಬಾಯಿ ಮುಚ್ಚಿ ಕೂತು ನೋಡಿ. ವಿವರಿಸಬೇಡಿ. ಅವರು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ ಎಂದು ಬರೆದುಕೊಳ್ಳಿ. ಪ್ರತಿ ವಾರದ ಕೊನೆಗೆ ಆಟ ಓಡುವ ಸ್ಥಿತಿಯಲ್ಲಿರಬೇಕು ಎಂದು ನಿಯಮ ಮಾಡಿಕೊಳ್ಳಿ. ಸಲ್ಲಿಸುವ ಮೊದಲಿನ ಕೊನೆಯ ಕೆಲವು ವಾರ ಹೊಸದೇನೂ ಸೇರಿಸಬೇಡಿ, ಬಗ್ ಮಾತ್ರ ತೆಗೆಯಿರಿ.

ಕಲಾವಿದರ ಜೊತೆ ಮಾತಾಡಲು ಕಲಿಯಿರಿ. ‘ಇದು ಆಗಲ್ಲ’ ಎಂದು ಮುಗಿಸಬೇಡಿ. ‘ಈ ಮಾಡೆಲ್ ಇಷ್ಟು ಭಾರ, ಇಷ್ಟಕ್ಕೆ ಇಳಿದರೆ ಪರದೆಯಲ್ಲಿ ಐವತ್ತು ಇಡಬಹುದು’ ಎಂದು ಲೆಕ್ಕ ಕೊಡಿ. ಅವರು ಪದೇಪದೇ ಕೈಯಲ್ಲಿ ಮಾಡುವ ಕೆಲಸಕ್ಕೆ ಒಂದು ಸಣ್ಣ ಟೂಲ್ ಬರೆದುಕೊಟ್ಟರೆ ತಂಡದ ವೇಗವೇ ಬದಲಾಗುತ್ತದೆ. ಸ್ಟುಡಿಯೋಗಳಲ್ಲಿ ಟೂಲ್ಸ್ ಪ್ರೋಗ್ರಾಮರ್ ಎಂಬ ಹುದ್ದೆಯೇ ಇದೆ, ವಿದ್ಯಾರ್ಥಿಗಳು ಅದರ ಬಗ್ಗೆ ಯೋಚಿಸುವುದೇ ಕಡಿಮೆ.

ಕೆಲವೇ ದಿನದಲ್ಲಿ ಆಟ ಮಾಡುವ ಗೇಮ್ ಜಾಮ್‌ಗಳನ್ನು ಬಿಡಬೇಡಿ. 2002ರಿಂದ ನಡೆಯುತ್ತಿರುವ ಲುಡಮ್ ಡೇರ್, 2009ರಲ್ಲಿ ಶುರುವಾದ ಗ್ಲೋಬಲ್ ಗೇಮ್ ಜಾಮ್, ಎರಡೂ ಎಲ್ಲರಿಗೂ ತೆರೆದಿವೆ. ಎರಡು ಮೂರು ದಿನದಲ್ಲಿ ಒಂದು ಆಟ ಮುಗಿಸಬೇಕಾದಾಗ ಯಾವುದನ್ನು ಬಿಡಬೇಕು ಎಂಬುದು ತಾನಾಗಿ ಬರುತ್ತದೆ. ನಿದ್ದೆ ಮಾತ್ರ ಬಿಡಬೇಡಿ, ನಿದ್ದೆಗೆಟ್ಟು ಬರೆದ ಕೋಡನ್ನು ಬೆಳಿಗ್ಗೆ ನೀವೇ ಅಳಿಸುತ್ತೀರಿ.

ಹಂತ 9: ಕೊನೆಯ ವರ್ಷ ಒಂದು ದಾರಿ ಹಿಡಿಯಿರಿ

ಗೇಮ್‌ಪ್ಲೇ, ಗ್ರಾಫಿಕ್ಸ್, ಎಂಜಿನ್, ನೆಟ್‌ವರ್ಕ್, ಎಐ, ಟೂಲ್ಸ್, ಸದ್ದು: ದಾರಿಗಳು ಹಲವು. ಕೊನೆಯ ವರ್ಷದ ಪ್ರಾಜೆಕ್ಟ್ ಇವುಗಳಲ್ಲಿ ಒಂದರ ಆಳಕ್ಕೆ ಹೋಗಲಿ. ಎಐ ಇಷ್ಟವಾದರೆ, 1968ರಲ್ಲಿ ಹಾರ್ಟ್, ನಿಲ್ಸನ್, ರಫೇಲ್ ಎಂಬ ಮೂವರು ಪ್ರಕಟಿಸಿದ ಎ ಸ್ಟಾರ್ ಅಲ್ಗಾರಿದಮ್ಮಿನಿಂದ ಶುರು ಮಾಡಿ. ಆಟದ ಪಾತ್ರಗಳಿಗೆ ದಾರಿ ಹುಡುಕಿಕೊಡುವುದು ಇವತ್ತಿಗೂ ಹೆಚ್ಚಾಗಿ ಅದೇ. ನೂರಾರು ಪಾತ್ರಗಳು ಒಟ್ಟಿಗೆ ದಾರಿ ಕೇಳಿದಾಗ ಫ್ರೇಮಿನ ಸಮಯ ಏನಾಗುತ್ತದೆ ಎಂದು ಅಳೆದು, ಸುಧಾರಿಸಿ, ಮತ್ತೆ ಅಳೆಯಿರಿ. ಆ ಅಳತೆಗಳ ಪಟ್ಟಿಯೇ ನಿಮ್ಮ ವರದಿಯ ಜೀವ.

ಪೋರ್ಟ್‌ಫೋಲಿಯೋದಲ್ಲಿ ಎರಡು ಮೂರು ಕೆಲಸ ಸಾಕು. ಪ್ರತಿಯೊಂದಕ್ಕೂ ಒಂದು ಚಿಕ್ಕ ವಿಡಿಯೋ, ಆಡಲು ಬರುವ ಪ್ರತಿ, ಕೋಡಿಗೆ ಲಿಂಕ್ ಇರಲಿ. ತಂಡದ ಆಟವಾದರೆ ನೀವು ಮಾಡಿದ್ದು ಯಾವುದು ಎಂದು ಸ್ಪಷ್ಟವಾಗಿ ಬರೆಯಿರಿ. ಟ್ಯುಟೋರಿಯಲ್ ನೋಡಿ ಮಾಡಿದ್ದನ್ನು ಹಾಕಬೇಡಿ, ನೋಡುವವರಿಗೆ ಅದು ತಕ್ಷಣ ಗೊತ್ತಾಗುತ್ತದೆ.

ಕೆಲಸದ ಬಗ್ಗೆ ಕಹಿ ಸತ್ಯವನ್ನೂ ತಿಳಿದಿರಿ. 2023 ಮತ್ತು 2024ರಲ್ಲಿ ಜಗತ್ತಿನ ಹಲವು ದೊಡ್ಡ ಗೇಮ್ ಕಂಪನಿಗಳು ಸಾವಿರಾರು ಜನರನ್ನು ಕೆಲಸದಿಂದ ತೆಗೆದವು. ಬಿಡುಗಡೆಯ ಮೊದಲು ರಾತ್ರಿಹಗಲು ದುಡಿಸುವ ಕ್ರಂಚ್ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ. ಸಂದರ್ಶನದಲ್ಲಿ ಅದರ ಬಗ್ಗೆ ಕೇಳುವ ಹಕ್ಕು ನಿಮಗಿದೆ, ಕೇಳಿ. ತಳ ಗಟ್ಟಿಯಿದ್ದವರಿಗೆ ಬೇರೆ ಬಾಗಿಲುಗಳೂ ಇವೆ. ವಿಮಾನ ತರಬೇತಿಯ ಸಿಮ್ಯುಲೇಟರ್, ವೈದ್ಯಕೀಯ ತರಬೇತಿ, ಕಟ್ಟಡ ವಿನ್ಯಾಸ, ಕಾರುಗಳ ಪರದೆ, ರೋಬೋಟಿಕ್ಸ್, ಎಲ್ಲಕ್ಕೂ ಇದೇ ಗಣಿತ, ಇದೇ ಸಿ ಪ್ಲಸ್ ಪ್ಲಸ್ ಬೇಕು.

ಅರ್ಜಿ ಹಾಕಿದ ಮೇಲೆ ಬಹಳ ಸ್ಟುಡಿಯೋಗಳು ಮನೆಯಲ್ಲೇ ಮಾಡಿ ಕಳಿಸುವ ಪ್ರೋಗ್ರಾಮಿಂಗ್ ಟೆಸ್ಟ್ ಕೊಡುತ್ತವೆ. ಕೇಳಿದ್ದನ್ನು ಎರಡು ಸಲ ಓದಿ. ಕೇಳದ ವೈಭವ ಸೇರಿಸುವ ಮೊದಲು ಕೇಳಿದ್ದು ಮುಗಿದಿದೆಯಾ ನೋಡಿ. ಕೋಡನ್ನು ಹೇಗೆ ಬಿಲ್ಡ್ ಮಾಡಬೇಕು (ಓಡುವ ಪ್ರೋಗ್ರಾಮಾಗಿಸಬೇಕು), ಯಾವ ನಿರ್ಧಾರ ಯಾಕೆ ತೆಗೆದುಕೊಂಡಿರಿ, ಇನ್ನಷ್ಟು ಸಮಯ ಇದ್ದಿದ್ದರೆ ಏನು ಬದಲಿಸುತ್ತಿದ್ದಿರಿ ಎಂದು ಒಂದು ಪುಟದ ರೀಡ್‌ಮಿ (ವಿವರಣೆಯ ಫೈಲ್) ಬರೆಯಿರಿ. ಕಳಿಸುವ ಮೊದಲು, ನಿಮ್ಮ ಪ್ರಾಜೆಕ್ಟನ್ನು ಒಮ್ಮೆಯೂ ತೆರೆಯದ ಬೇರೆ ಕಂಪ್ಯೂಟರಿನಲ್ಲಿ ಅದನ್ನು ಇಳಿಸಿಕೊಂಡು, ನೀವೇ ಬರೆದ ಸೂಚನೆಯಂತೆ ಬಿಲ್ಡ್ ಮಾಡಿ ಓಡಿಸಿ ನೋಡಿ.